ತಮ್ಮನ ಮದುವೆಗೆ ಪಿಎಫ್ ಕೊಡ್ತಾರೆ, ತಮ್ಮನ ಕೀಮೋಗೆ ಕೊಡಲ್ಲ

ಮಾನ್ಯ ಸಂಪಾದಕರೇ, ನಮಸ್ಕಾರ.

ಜಿಲ್ಲಾಸ್ಪತ್ರೆಗಳಲ್ಲೇ ಕೀಮೋ ಕೊಡೋ ಡೇ ಕೇರ್ ಸೆಂಟರ್ ಬಗ್ಗೆ ನಿಮ್ಮ ಪೇಪರ್‌ನಲ್ಲಿ ಬಂದಿದ್ದ ವರದಿ ಓದಿ ಇದನ್ನ ಬರೀತಿದೀನಿ. 2025ರಲ್ಲಿ ನಮ್ಮ ಸರ್ಕಾರ 16 ಜಿಲ್ಲಾಸ್ಪತ್ರೆಗಳಲ್ಲಿ ಶುರು ಮಾಡಿದೆ, ಅದೇ ವರ್ಷದ ಕೇಂದ್ರ ಬಜೆಟ್‌ನಲ್ಲೂ ಮೂರು ವರ್ಷದೊಳಗೆ ಎಲ್ಲಾ ಜಿಲ್ಲಾಸ್ಪತ್ರೆಗೂ ತರ್ತೀವಿ ಅಂದಿದಾರೆ. ಒಳ್ಳೇ ಕೆಲಸ, ಎರಡು ಮಾತಿಲ್ಲ. ಆದ್ರೆ ವರದಿ ತುಂಬಾ ಬೆಡ್ಡು, ನರ್ಸು, ಪ್ಯಾಕೇಜು ಇಷ್ಟೇ ಇತ್ತು, ಪೇಷೆಂಟ್ ಪಕ್ಕದಲ್ಲಿ ಫೈಲ್ ಹಿಡ್ಕೊಂಡು ಕೂತಿರ್ತಾರಲ್ಲ ಅವರ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ನಾನು ಆ ಫೈಲ್ ಹಿಡ್ಕೊಂಡು ಕೂತಿರೋಳು. ಗಂಡನ ಪಕ್ಕ ಅಲ್ಲ, ಮಕ್ಕಳ ಪಕ್ಕಾನೂ ಅಲ್ಲ, ತಮ್ಮನ ಪಕ್ಕ. ತೊಂದ್ರೆ ಅಲ್ಲೇ ಇರೋದು.

ನಮ್ಮದು ತಿಪಟೂರು ಕಡೆ. ಅಪ್ಪ ಅಮ್ಮ ಊರಲ್ಲಿದಾರೆ, ಸ್ವಲ್ಪ ತೆಂಗು ಇದೆ. ತಮ್ಮ ಎಲೆಕ್ಟ್ರಿಕ್ ವೈರಿಂಗ್ ಕೆಲಸ ಮಾಡ್ಕೊಂಡಿದ್ದ, ಇನ್ನೂ ಮದುವೆ ಆಗಿಲ್ಲ. ಕತ್ತಿನ ಪಕ್ಕ ಒಂದು ಗಂಟು ಬಂತು, ನೋವಿಲ್ಲ ಏನಿಲ್ಲ, ಯಾರೋ ಟಿಬಿ ಗಂಟು ಇರಬಹುದು ಅಂದ್ರು, ಟಿಬಿ ಮಾತ್ರೆ ನುಂಗಿದ್ದೂ ಆಯ್ತು, ಗಂಟು ಮಾತ್ರ ಕರಗಲಿಲ್ಲ, ರಾತ್ರಿ ಹೊತ್ತು ಬನಿಯನ್ ಹಿಂಡೋ ಹಂಗೆ ಬೆವರೋನು, ತೂಕ ಇಳೀತಾ ಹೋಯ್ತು. ಕೊನೆಗೆ ಬಯಾಪ್ಸಿ ಮಾಡಿದ್ಮೇಲೆ ಹಾಡ್ಕಿನ್ಸ್ ಲಿಂಫೋಮಾ ಅಂತ ಬಂತು. ಡಾಕ್ಟ್ರು ಹೇಳಿದ ಮೊದಲನೇ ಮಾತೇ "ಇದು ವಾಸಿ ಆಗೋ ಕ್ಯಾನ್ಸರ್ ಕಣಮ್ಮ, ಆದ್ರೆ ಮಧ್ಯದಲ್ಲಿ ಬಿಡಬಾರದು" ಅಂತ. ಬಿಡಬಾರದು ಅನ್ನೋದರ ಅರ್ಥ ದುಡ್ಡು ನಿಲ್ಲಬಾರದು ಅಂತ ಆಮೇಲೆ ಗೊತ್ತಾಯ್ತು.

ಕಾರ್ಡು ಇತ್ತಲ್ವಾ ಅಂತೀರ. ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್ ಆದ್ರೆ ಪ್ಯಾಕೇಜ್ ದುಡ್ಡಲ್ಲಿ ಶೇ 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿ. ನಮ್ಮಪ್ಪಂದು ಬಿಪಿಎಲ್ ಕಾರ್ಡು, ತಮ್ಮನ ಹೆಸರು ಅದರಲ್ಲೇ ಇದೆ, ಹಾಗಾಗಿ ಕೀಮೋ ಔಷಧಿಗೆ ನಾವು ದುಡ್ಡು ಕೊಡಲಿಲ್ಲ. ಈ ಸ್ಕೀಮ್ ಇಲ್ದಿದ್ರೆ ತೋಟ ಹೋಗ್ತಿತ್ತು, ಅದನ್ನ ಮೊದಲೇ ಹೇಳಿಬಿಡ್ತೀನಿ, ಸುಮ್ನೆ ಬೈಯೋಕೆ ಬರೀತಿಲ್ಲ.

ಆದ್ರೆ ಕಾರ್ಡು ಕೆಲಸ ಶುರು ಮಾಡೋದು ಕಾಯಿಲೆ ಇಂಥದ್ದೇ ಅಂತ ಪೇಪರ್ ಮೇಲೆ ಬಂದಮೇಲೆ. ಅಲ್ಲೀವರೆಗಿನ ಸ್ಕ್ಯಾನು, ಬಯಾಪ್ಸಿ, ಆ ಬಯಾಪ್ಸಿ ತುಣುಕನ್ನ ಇನ್ನೊಂದು ಲ್ಯಾಬಿಗೆ ಕಳಿಸಿ ಮಾಡಿಸೋ ಟೆಸ್ಟು, ಕಾಯಿಲೆ ಮೈಯಲ್ಲಿ ಎಲ್ಲೆಲ್ಲಿ ಹರಡಿದೆ ಅಂತ ನೋಡೋ ಪೆಟ್ ಸ್ಕ್ಯಾನು ಎಲ್ಲಾ ನಮ್ಮ ಕೈಯಿಂದಾನೇ. ಪೆಟ್ ಒಂದಕ್ಕೇ 15 ಸಾವಿರದ ಹತ್ರ ಆಯ್ತು. ಅಪ್ಪ ಅಟ್ಟದ ಮೇಲೆ ಹಾಕಿದ್ದ ಕಾಯಿ ಇಳಿಸಿ ಮಾರಿದ್ರು. ನಮ್ಮ ಕಡೆಯೋರಿಗೆ ಇದು ಅರ್ಥ ಆಗುತ್ತೆ, ಕಾಯಿ ಅಟ್ಟದಲ್ಲಿ ವರ್ಷದ ಹತ್ರ ಕೂತು ಒಳಗೇ ಒಣಗಿ ಗಲಗಲ ಅಂದಾಗ್ಲೇ ಉಂಡೆ ಕೊಬ್ಬರಿ, ಅದಕ್ಕೇ ತಿಪಟೂರು ಮಾರ್ಕೆಟ್ಟಲ್ಲಿ ಬೆಲೆ. ಅರ್ಧಕ್ಕೇ ಇಳಿಸಿದ್ರೆ ಅದು ಕೊಬ್ಬರೀನೂ ಅಲ್ಲ, ಎಳೆ ಕಾಯೀನೂ ಅಲ್ಲ, ವ್ಯಾಪಾರಿ ಹೇಳಿದ್ದೇ ರೇಟು. ಅಪ್ಪ ಏಣಿ ಇಳೀವಾಗ ಏನೂ ಮಾತಾಡಲಿಲ್ಲ, ಅಮ್ಮ ಮಾತ್ರ ಒಂದೊಂದೇ ಕಾಯಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡ್ತಿದ್ರು, ಒಳಗೆ ಇನ್ನೂ ನೀರಿತ್ತು.

ಅದು ಮುಗಿದ್ಮೇಲೆ ಸರದಿ ನಂದು. ನಾನು ಬೆಂಗಳೂರಲ್ಲಿ ಒಂದು ಫ್ಯಾಕ್ಟರೀಲಿ ಸಂಬಳದ ಸೆಕ್ಷನ್ ನೋಡ್ಕೋತೀನಿ, ಅಂದ್ರೆ ಪಿಎಫ್, ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ), ಮೆಡಿಕ್ಲೇಮ್ ಫಾರಮ್ಮುಗಳೇ ನನ್ನ ದಿನದ ಕೆಲಸ. ಬೇರೆಯವರಿಗೆ ತುಂಬಿ ಕೊಡೋಳು ನಂಗೇ ತುಂಬ್ಕೋಣ ಅಂತ ಕೂತಾಗ ಒಂದು ಫಾರಮ್ಮಲ್ಲೂ ತಮ್ಮನಿಗೆ ಜಾಗ ಸಿಗಲಿಲ್ಲ.

ಮೊದ್ಲು ಕಂಪನಿ ಮೆಡಿಕ್ಲೇಮ್. ಸಂಬಂಧ ಅನ್ನೋ ಕಡೆ ಕ್ಲಿಕ್ ಮಾಡಿದ್ರೆ ಗಂಡ ಅಥವಾ ಹೆಂಡತಿ, ಮಗ, ಮಗಳು, ತಂದೆ, ತಾಯಿ, ಅಷ್ಟೇ ಬರುತ್ತೆ. ಇನ್ಶೂರೆನ್ಸ್ ಕಡೆಯೋರಿಗೆ ಫೋನ್ ಮಾಡಿ ಎಕ್ಸ್‌ಟ್ರಾ ಪ್ರೀಮಿಯಮ್ ನಾನೇ ಕಟ್ತೀನಿ ಅಂದೆ, "ತಮ್ಮ ಆಡ್ ಆಗಲ್ಲ ಮೇಡಂ, ಸಿಸ್ಟಮ್ಮೇ ತಗೊಳ್ಳಲ್ಲ" ಅಂದ್ರು. ಇಎಸ್‌ಐ ಇನ್ನೂ ವಿಚಿತ್ರ. ಅಲ್ಲಿ ತಮ್ಮ ತಂಗೀನ ಸೇರಿಸಿದಾರೆ, ಆದ್ರೆ ಯಾವಾಗ ಅಂದ್ರೆ ಕೆಲಸಗಾರರಿಗೆ ಮದುವೆ ಆಗಿರಬಾರದು, ಅಪ್ಪ ಅಮ್ಮ ಇಬ್ರೂ ತೀರ್ಕೊಂಡಿರ್ಬೇಕು, ತಮ್ಮ 18 ದಾಟಿರಬಾರದು. ಮನೇಲಿ ಸಾವಾದ್ರೆ ಮಾತ್ರ ಅಕ್ಕ ತಮ್ಮ ಅಂತ ಒಪ್ಕೋತಾರೆ ಅನ್ನೋ ಲೆಕ್ಕ ಆಯ್ತು.

ಪಿಎಫ್‌ದು ಕೇಳಿ. ನಾನು ತುಂಬೋಕೆ ಕೂತಾಗ 1952ರ ಪಿಎಫ್ ಸ್ಕೀಮ್‌ನಲ್ಲಿ ಮದುವೆಗೆ ಅಂತ ಅಡ್ವಾನ್ಸ್ ಇತ್ತು. ಸ್ವಂತ ಮದುವೆ, ಮಗನದ್ದು, ಮಗಳದ್ದು, ಜೊತೆಗೆ ಅಣ್ಣ ತಮ್ಮ ಅಕ್ಕ ತಂಗಿ ಮದುವೆಗೂ ತಗೋಬಹುದಿತ್ತು, 7 ವರ್ಷ ಸರ್ವೀಸ್ ಆಗಿದ್ರೆ ನಮ್ಮ ಪಾಲಿನ ಅರ್ಧದವರೆಗೆ. ಅದೇ ಸ್ಕೀಮ್‌ನಲ್ಲಿ ಕಾಯಿಲೆಗೆ ಅಂತ ಇರೋ ಅಡ್ವಾನ್ಸ್‌ಗೆ ಬಂದ್ರೆ ನಮಗೆ ಅಥವಾ ನಮ್ಮ ಕುಟುಂಬಕ್ಕೆ ಅಂತ ಇದೆ, ಕುಟುಂಬ ಅಂದ್ರೆ ಗಂಡ ಹೆಂಡತಿ, ಮಕ್ಕಳು, ನಮ್ಮನ್ನೇ ನಂಬಿರೋ ಅಪ್ಪ ಅಮ್ಮ. ತಮ್ಮ ಇಲ್ಲ. ಅಂದ್ರೆ ತಮ್ಮನ ಛತ್ರಕ್ಕೆ, ಬಾಣಸಿಗರಿಗೆ, ವಾಲಗಕ್ಕೆ ನನ್ನ ಪಿಎಫ್ ದುಡ್ಡು ಬರುತ್ತೆ, ತಮ್ಮನ ಕೀಮೋ ಓಡಾಟಕ್ಕೆ ಬರಲ್ಲ! ಪಕ್ಕದ ಸೀಟಿನವರು "ನಿಮ್ಮ ಕಾಯಿಲೆ ಅಂತಾನೇ ಹಾಕಿ, ಯಾರು ನೋಡ್ತಾರೆ" ಅಂದ್ರು. ದಿನಾ ಬೇರೆಯವರ ಅರ್ಜಿ ಚೆಕ್ ಮಾಡೋಳು ನಾನೇ ಹಂಗೆ ಹಾಕೋಕೆ ಕೈ ಬರಲಿಲ್ಲ, ಜೊತೆಗೆ ಆರೋಗ್ಯವಾಗಿರೋಳು ನಂಗೆ ಕ್ಯಾನ್ಸರ್ ಅಂತ ಬರೆಯೋಕೆ ಮನಸ್ಸೂ ಒಪ್ಪಲಿಲ್ಲ, ಮೂಢನಂಬಿಕೆ ಅನ್ನಿ ಬೇಕಾದ್ರೆ.

2025ರ ಅಕ್ಟೋಬರ್‌ನಲ್ಲಿ ಪಿಎಫ್ ಬೋರ್ಡಿನೋರು 13 ಬಗೆಯ ವಿತ್‌ಡ್ರಾ ನಿಯಮಗಳನ್ನ ಸರಳ ಮಾಡಿ ಮೂರು ಗುಂಪು ಮಾಡ್ತೀವಿ ಅಂತ ತೀರ್ಮಾನ ಮಾಡಿದಾರೆ, ಅದರಲ್ಲಿ ಕಾರಣ ಹೇಳದೇ ತಗೊಳ್ಳೋ ಗುಂಪೂ ಇದೆ. ಸಂತೋಷ. ಆದ್ರೆ ತಮ್ಮನ ಕ್ಯಾನ್ಸರ್ ಅನ್ನೋದು ಕಾರಣ ಅಲ್ವಾ, ಅದನ್ನ ಹೇಳ್ದೇ ಯಾಕೆ ತಗೋಬೇಕು?

ತಮಾಷೆ ಅಂದ್ರೆ ಇನ್‌ಕಮ್ ಟ್ಯಾಕ್ಸ್‌ನೋರು ಇದನ್ನ ಒಪ್ಕೊಂಡಿದ್ರು. 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೇಲಿ 80ಡಿಡಿಬಿ ಅಂತ ಒಂದು ಸೆಕ್ಷನ್, ಕ್ಯಾನ್ಸರ್‌ನಂಥ ಕಾಯಿಲೆ ಖರ್ಚಿಗೆ 40 ಸಾವಿರದವರೆಗೆ ಆದಾಯದಲ್ಲಿ ಕಳೀಬಹುದು, ಹಿರಿಯ ನಾಗರಿಕರ ಚಿಕಿತ್ಸೆ ಆದ್ರೆ 1 ಲಕ್ಷ, ನಮ್ಮನ್ನೇ ನಂಬಿರೋ ಅಣ್ಣ ತಮ್ಮ ಅಕ್ಕ ತಂಗೀನೂ ಅದರಲ್ಲಿ ಬರ್ತಾರೆ. ಸ್ಪೆಷಲಿಸ್ಟ್ ಡಾಕ್ಟ್ರ ಚೀಟಿ ಬೇಕು. ಆದ್ರೆ ಅದು ಹಳೇ ತೆರಿಗೆ ಪದ್ಧತಿಯೋರಿಗೆ ಮಾತ್ರ, ಹೊಸದಕ್ಕೆ ಹೋದ್ರೆ ಸಿಗಲ್ಲ. ನಮ್ಮ ಸಂಬಳಕ್ಕೆ ಅದರಿಂದ ಉಳಿಯೋದು ಅಷ್ಟಕ್ಕಷ್ಟೇ, ಆದ್ರೂ ಒಂದು ಕಾನೂನಿನಲ್ಲಿ ತಮ್ಮ ಅನ್ನೋ ಪದ ನೋಡಿ ಸಮಾಧಾನ ಆಯ್ತು.

ಸರ ಗಿರವಿ ಇಟ್ಟೆ. ತಾಳಿ ಸರ ಅಲ್ಲ, ಅಮ್ಮ ಮದುವೇಲಿ ಹಾಕಿದ್ದ ಎರಡೆಳೆ ಸರ. ನಮ್ಮತ್ತೆ ಒಂದು ವಾರ ಏನೂ ಅನ್ನಲಿಲ್ಲ, ಆಮೇಲೆ ಯಾರೋ ಬಂದಾಗ "ನಮ್ ಸೊಸೆ ತವರಿಗೇ ಸುರೀತಾಳೆ" ಅಂತ ಅಡುಗೆಮನೆಗೆ ಕೇಳೋ ಹಂಗೆ ಹೇಳಿದ್ರು. ಅದೇ ಸರಾನ ಗಂಡನ ಕಾಯಿಲೆಗೆ ಇಟ್ಟಿದ್ರೆ ಪತಿವ್ರತೆ ಅಂತಿದ್ರು, ನಮ್ಮತ್ತೆ ಕೆಟ್ಟೋರಲ್ಲ, ಊರೇ ಹಂಗಿದೆ. ನಮ್ಮನೆಯವರು ಇದರಲ್ಲಿ ಅಡ್ಡ ಬರಲಿಲ್ಲ, ಆದ್ರೆ ಮಗಳ ಸ್ಕೂಲ್ ಫೀಸ್ ಎರಡನೇ ಕಂತಿನ ದಿನ ಮುಖ ಗಂಟು ಹಾಕ್ಕೊಂಡು ಕೂತಿದ್ರು, ಅದನ್ನೂ ತಪ್ಪು ಅನ್ನೋಕಾಗಲ್ಲ.

ದುಡ್ಡು ಹೋಗೋದು ಔಷಧಿಗೆ ಅಂತ ಎಲ್ರೂ ಅಂದ್ಕೊಂಡಿದಾರೆ. ಹಾಡ್ಕಿನ್ಸ್‌ಗೆ ಕೊಡೋ ಕೀಮೋ 15 ದಿನಕ್ಕೊಂದು ಸಲ, ಪ್ರತಿ ಸಲಾನೂ ತಮ್ಮ ಊರಿಂದ ಬೆಂಗಳೂರಿನ ಆಸ್ಪತ್ರೆಗೆ ಬರ್ಬೇಕು. ಹಿಂದಿನ ದಿನ ಟೆಸ್ಟಿಗೆ ರಕ್ತ ಕೊಡ್ಬೇಕು, ರಕ್ತಕಣಗಳ ಕೌಂಟು ಸರಿ ಇದ್ರೆ ಮಾತ್ರ ಡ್ರಿಪ್ಪು, ಇಲ್ದಿದ್ರೆ ಮುಂದಿನ ವಾರ ಬನ್ನಿ. ಬಿಳಿ ರಕ್ತಕಣ ಕಮ್ಮಿ ಅಂತ ವಾಪಸ್ ಕಳಿಸಿದ ದಿನದ ರೂಮು ಬಾಡಿಗೆ, ಆಟೋ, ಊಟ, ನನ್ನ ಸಂಬಳ ಕಟ್ಟು, ಇದು ಯಾವ ಪ್ಯಾಕೇಜ್‌ನಲ್ಲೂ ಬರಲ್ಲ. ಕೌಂಟು ಕಮ್ಮಿ ಇರೋವಾಗ ಬಸ್ಸಲ್ಲಿ ನೂಕುನುಗ್ಗಲಲ್ಲಿ ಕೂರಿಸಬೇಡಿ, ಇನ್ಫೆಕ್ಷನ್ ಆಗುತ್ತೆ ಅಂತಾರೆ, ಹಂಗಾದ್ರೆ ಕಾರು ಮಾಡ್ಬೇಕು, ಕಾರಿಗೆ ಯಾರು ಕೊಡ್ತಾರೆ. ಶಕ್ತಿ ಯೋಜನೆಯಿಂದ ನಂಗೂ ಅಮ್ಮನಿಗೂ ಸರ್ಕಾರಿ ಬಸ್ಸು ಫ್ರೀ, ಟಿಕೆಟ್ ತಗೋಬೇಕಾದೋನು ಪೇಷೆಂಟು.

ರೈಲಿನ ವಿಷಯ ದಯವಿಟ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ಚಿಕಿತ್ಸೆಗೆ ಹೋಗಿ ಬರೋ ಕ್ಯಾನ್ಸರ್ ಪೇಷೆಂಟಿಗೆ ಸ್ಲೀಪರ್ ಮತ್ತು ಥರ್ಡ್ ಎಸಿ ಪೂರ್ತಿ ಫ್ರೀ, ಜೊತೆಗೆ ಹೋಗೋರಿಗೆ ಅದೇ ಕ್ಲಾಸ್‌ನಲ್ಲಿ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ಒಂದು ನಮೂನೇಲಿ ಡಾಕ್ಟ್ರ ಸಹಿ, ಸೀಲು ಹಾಕಿಸಿ ಸ್ಟೇಷನ್ ಕೌಂಟರ್‌ನಲ್ಲಿ ಕೊಟ್ರೆ ಆಯ್ತು. ಇದನ್ನ ನಮಗೆ ಹೇಳಿದ್ದು ಡಾಕ್ಟ್ರಲ್ಲ, ಸ್ಕೀಮ್ ಬಗ್ಗೆ ಹೇಳೋಕೆ ಆಸ್ಪತ್ರೇಲಿ ಇರೋ ಆರೋಗ್ಯ ಮಿತ್ರ ಅಲ್ಲ, ಪಕ್ಕದ ಬೆಡ್ಡಿನ ರಾಯಚೂರಿನ ಅಜ್ಜ. ಆ ಹೊತ್ತಿಗೆ ಅರ್ಧ ಚಿಕಿತ್ಸೆ ಮುಗಿದಿತ್ತು. ಒಂದು ಬೋರ್ಡ್ ಬರೆದು ಓಪಿಡಿ ಗೋಡೆಗೆ ಹಾಕೋಕೆ ಎಷ್ಟು ಖರ್ಚು?

ಪಕ್ಕದಲ್ಲಿ ಕೂತಿರೋರು ಏನು ಮಾಡ್ತಾರೆ ಅಂತ ಅಧಿಕಾರಿಗಳಿಗೆ ಗೊತ್ತಿಲ್ಲ ಅನ್ಸುತ್ತೆ, ಅದಕ್ಕೇ ಹೇಳ್ತೀನಿ. ಮೊದ್ಲು ಕೆಂಪು ಔಷಧಿ ಹೋಗುತ್ತೆ, ಆಮೇಲೆ ಮೂತ್ರಾನೂ ಕೆಂಪಗೆ ಬರುತ್ತೆ, ಮೊದಲ ಸಲ ರಕ್ತ ಅಂತ ಹೆದರ್ತಾರೆ. ಕೊನೇದು ಬೆಳಕು ತಾಗಬಾರದು ಅಂತ ಕಪ್ಪು ಕವರ್ ಹಾಕಿರೋ ಬಾಟಲ್ಲು, ಅದು ಹೋಗೋವಾಗ ನರ ಉರೀತದೆ, "ಅಕ್ಕ, ಸ್ವಲ್ಪ ನಿಧಾನ ಮಾಡ್ಸು ಕಣಕ್ಕ" ಅಂತಾನೆ, ನಾನು ಸಿಸ್ಟರ್‌ನ ಹುಡುಕ್ಕೊಂಡು ಹೋಗ್ತೀನಿ, ಅವರು ಒಬ್ಬರೇ ಎಷ್ಟು ಬೆಡ್ ನೋಡ್ತಾರೆ ಪಾಪ. ಕವರ್ ಹಾಕಿರೋದ್ರಿಂದ ಎಷ್ಟು ಉಳಿದಿದೆ ಅಂತ ಕಾಣಲ್ಲ, ಹನಿ ನಿಂತಿತಾ ಅಂತ ನೋಡ್ತಾನೇ ಇರ್ಬೇಕು. ವಾಂತಿ ಬಂದ್ರೆ ಕವರ್ ಹಿಡೀಬೇಕು, ಬಿಲ್ಲಿಂಗ್ ಕರೆದ್ರೆ ಓಡ್ಬೇಕು, ಅಪ್ರೂವಲ್ ಬಂದಿಲ್ಲ ಅಂದ್ರೆ ಇನ್ನೊಂದು ಮಹಡಿಗೆ ಹೋಗ್ಬೇಕು. ಇದನ್ನ ಮಾಡೋರು ಇಲ್ದಿದ್ರೆ ಪೇಷೆಂಟೇ ಡ್ರಿಪ್ ಸ್ಟ್ಯಾಂಡ್ ತಳ್ಕೊಂಡು ಕ್ಯೂನಲ್ಲಿ ನಿಲ್ತಾನೆ, ನಿಂತಿರೋರನ್ನ ಕಣ್ಣಾರೆ ನೋಡಿದೀನಿ. ಊರಿಂದ ಫೋನ್ ಮಾಡೋರು ಮಾತ್ರ ಯಾವುದೋ ತೊಗಟೆ ಪುಡಿ, ಪಪ್ಪಾಯಿ ಎಲೆ ರಸ ಅಂತ ಹೇಳ್ತಾರೆ, ಬಂದು ಒಂದು ರಾತ್ರಿ ಕೂರ್ತೀನಿ ಅನ್ನಲ್ಲ.

ಉಳಿಯೋಕೆ ಜಾಗದ್ದೇ ದೊಡ್ಡ ತಲೆನೋವು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಆವರಣದಲ್ಲಿ ಧರ್ಮಶಾಲೆ ಇದೆ, ಅಂಥದ್ದು ಪ್ರತಿ ದೊಡ್ಡಾಸ್ಪತ್ರೆ ಪಕ್ಕ ಬೇಕು. ಪುಣ್ಯಕ್ಕೆ ನಮ್ಮನೆ ಬೆಂಗಳೂರಲ್ಲೇ ಇದೆ, ಆದ್ರೆ ಆಸ್ಪತ್ರೆ ಊರಿನ ಆ ತುದಿ, ನಾವು ಈ ತುದಿ, ಕೀಮೋ ಹಿಂದಿನ ರಾತ್ರಿ ಅಲ್ಲೇ ಹತ್ರ ರೂಮ್ ಮಾಡ್ತಿದ್ವಿ. ಅದಕ್ಕೇ ಡೇ ಕೇರ್ ಸೆಂಟರ್ ಸುದ್ದಿ ಓದಿ ನಿಜವಾಗ್ಲೂ ಖುಷಿ ಆಯ್ತು. ಪ್ಲಾನ್ ಮಾಡೋದು ದೊಡ್ಡ ಡಾಕ್ಟ್ರು ಇಲ್ಲಿ, ಡ್ರಿಪ್ ಹಾಕೋದು ಊರಿನ ಹತ್ರ ಅಂದ್ರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತೆ, ಅಪ್ಪ ಅಮ್ಮನೇ ಕರ್ಕೊಂಡು ಹೋಗಿ ಬರಬಹುದು. ಔಷಧಿ ಸ್ಟಾಕ್ ಇರ್ಬೇಕು ಅಷ್ಟೇ.

ನಾನು ಕೇಳೋದು ಬಿಟ್ಟಿ ದುಡ್ಡಲ್ಲ. ನನ್ನದೇ ಪಿಎಫ್, ನಂದೇ ಪ್ರೀಮಿಯಮ್. ಕಾಯಿಲೆ ಅಡ್ವಾನ್ಸ್‌ನಲ್ಲಿ ಮದುವೆ ಅಡ್ವಾನ್ಸ್‌ನಲ್ಲಿ ಇರೋ ಹಂಗೇ ಒಡಹುಟ್ಟಿದವರನ್ನ ಸೇರಿಸಲಿ. ಕಂಪನಿ ಪಾಲಿಸಿಗಳಲ್ಲಿ ಮದುವೆ ಆಗದ, ವಿಧವೆಯಾದ, ದುಡಿಮೆ ಇಲ್ಲದ ಅಣ್ಣ ತಮ್ಮ ಅಕ್ಕ ತಂಗಿಯರಿಗೆ ಎಕ್ಸ್‌ಟ್ರಾ ಪ್ರೀಮಿಯಮ್ ಮೇಲೆ ಜಾಗ ಕೊಡೋ ಬಗ್ಗೆ ನಮ್ಮ ಸಂಸದರು ಕೇಳಲಿ. ಕುಟುಂಬ ಅಂದ್ರೆ ಗಂಡ ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಅಷ್ಟೇ ಅಂತ ಬರೆದೋರ ಮನೇಲಿ ಅಕ್ಕ ತಂಗಿ ಇರ್ಲಿಲ್ವಾ ಅಂತ ಒಂದೊಂದ್ಸಲ ಸಿಟ್ಟು ಬರುತ್ತೆ.

ತಮ್ಮ ಈಗ ಪರವಾಗಿಲ್ಲ. ಮಧ್ಯದ ಪೆಟ್ ಸ್ಕ್ಯಾನ್ ಚೆನ್ನಾಗಿ ಬಂದಿದೆ, ಇನ್ನೂ ಕೆಲವು ಕೀಮೋ ಬಾಕಿ ಇವೆ, ರೇಡಿಯೇಷನ್ ಬೇಕಾ ಅಂತ ಆಮೇಲೆ ಹೇಳ್ತಾರಂತೆ. ಕೂದಲು ಹೋಗಿದೆ, ಟೋಪಿ ಹಾಕ್ಕೊಂಡು ಊರಲ್ಲಿ ಅವರಿವರ ಮನೆ ಮಿಕ್ಸಿ ರಿಪೇರಿ ಮಾಡ್ತಿದಾನೆ.

ಪತ್ರ ಹಾಕೋದಾದ್ರೆ ನನ್ನ ಹೆಸರು ಹಾಕಬೇಡಿ, ಅಮ್ಮ ಈಗ್ಲೇ ಅವನಿಗೆ ಹೆಣ್ಣು ನೋಡೋ ಮಾತಾಡ್ತಿದಾರೆ, ಕ್ಯಾನ್ಸರ್ ಬಂದಿದ್ದ ಹುಡುಗ ಅಂತ ಪೇಪರಲ್ಲಿ ಬರೋದು ಬೇಡ. ಉದ್ದ ಆಗಿದ್ರೆ ನಮ್ಮತ್ತೆ ವಿಷಯ ಕತ್ತರಿಸಿ, ಪಿಎಫ್‌ದೂ ರೈಲಿಂದೂ ಉಳಿಸಿ.

ಇಂತಿ,
ತಿಪಟೂರು ಕಡೆಯ ಒಬ್ಬ ಅಕ್ಕ, ಬೆಂಗಳೂರು