‘ಸ್ವಂತ ಕಾರಣ’ದ ರಾಜೀನಾಮೆಗಳಲ್ಲಿ ಕರಗಿಹೋಗುವ ಗ್ರಾಚ್ಯುಟಿ

ಮಾನ್ಯ ಸಂಪಾದಕರೇ,

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಮಾಲೀಕರು ಕೊಡಬೇಕಾದ ಮೊತ್ತದ, ವಿಚಾರ ಎಲ್ಲೆಡೆ ಚರ್ಚೆಯಾಗಿದೆ. ನಿಶ್ಚಿತ ಅವಧಿಗೆ ನೇಮಕಗೊಂಡವರು ಇನ್ನು ಐದು ವರ್ಷ ಕಾಯಬೇಕಿಲ್ಲ ಎಂಬುದೇ ಆ ಚರ್ಚೆಯ ಮುಖ್ಯ ಅಂಶ. ಆದರೆ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಯಾವ ಅವಧಿಯ ನಮೂದೂ ಇಲ್ಲದೆ ಕಾಯಂ ಆಗಿ ದುಡಿಯುವ ಹೆಣ್ಣುಮಕ್ಕಳಿಗೆ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯಲ್ಲಿದ್ದ ಐದು ವರ್ಷದ ಸತತ ಸೇವೆಯ ಷರತ್ತು ಹೊಸ ಸಂಹಿತೆಯಲ್ಲೂ ಹಾಗೆಯೇ ಉಳಿದಿದೆ. (ನಿಮ್ಮ ವೃತ್ತಿಯ ಕಾರ್ಯನಿರತ ಪತ್ರಕರ್ತರಿಗೆ ಮೂರೇ ವರ್ಷ ಸಾಕೆಂದು ಅದೇ ಸಂಹಿತೆ ಹೇಳುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.) ಈ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರಿಗೆ ಹತ್ತು ಹನ್ನೆರಡು ವರ್ಷ ಒಂದೇ ಗೇಟಿನಲ್ಲಿ ಒಳಹೊಕ್ಕು ಹೊರಬಂದರೂ ಕಾಗದದ ಮೇಲೆ ಐದು ವರ್ಷ ತುಂಬುವುದೇ ಇಲ್ಲ. ಏಕೆ ತುಂಬುವುದಿಲ್ಲ ಎಂಬುದನ್ನು ನಾನು ಹತ್ತಿರದಿಂದ ಬಲ್ಲೆ, ಏಕೆಂದರೆ ತುಂಬದಂತೆ ನೋಡಿಕೊಳ್ಳುವ ಕೆಲಸದಲ್ಲಿ ನನ್ನ ಕೈಯೂ ಇತ್ತು.

ಪೀಣ್ಯದ ಒಂದು ಗಾರ್ಮೆಂಟ್ಸ್‌ನ ಹಾಜರಿಯ ಲೆಕ್ಕವಿಡುವ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಾನು 2023ರಲ್ಲಿ ನಿವೃತ್ತನಾದೆ. ನನ್ನ ಮೇಜಿನ ಖಾನೆಯಲ್ಲಿ ರಾಜೀನಾಮೆ ಪತ್ರದ ಮಾದರಿಯೊಂದರ ಜೆರಾಕ್ಸ್ ಪ್ರತಿಗಳು ಕಟ್ಟುಕಟ್ಟಾಗಿ ಇರುತ್ತಿದ್ದವು. ಹೆಸರು, ಟೋಕನ್ ಸಂಖ್ಯೆ, ದಿನಾಂಕ ಬರೆಯಲು ಜಾಗ ಬಿಟ್ಟು ಉಳಿದದ್ದನ್ನೆಲ್ಲ ಮೊದಲೇ ಅಚ್ಚು ಮಾಡಿಸಲಾಗಿತ್ತು. ‘ನನ್ನ ಸ್ವಂತ ಕಾರಣಗಳಿಂದ’ ಎಂಬ ಮಾತೂ ಆ ಅಚ್ಚಿನಲ್ಲೇ ಸೇರಿತ್ತು. ಪ್ರತಿ ವರ್ಷ ಫೆಬ್ರುವರಿಯಲ್ಲಿ ಮೇಲಿನವರ ಸೂಚನೆಯಂತೆ ಸೇವೆ ನಾಲ್ಕು ವರ್ಷ ಮುಟ್ಟುತ್ತಿರುವವರ ಪಟ್ಟಿಯನ್ನು ನಾನು ತಯಾರಿಸಿ ಕೊಡಬೇಕಿತ್ತು. ಷರತ್ತು ಐದು ವರ್ಷದ್ದಾಗಿರುವಾಗ ನಾಲ್ಕಕ್ಕೇ ಏಕೆ ಪಟ್ಟಿ ಎಂದು ಮೊದಮೊದಲು ನನಗೂ ತಿಳಿದಿರಲಿಲ್ಲ. ಐದನೆಯ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೂ ಐದು ವರ್ಷ ಪೂರೈಸಿದಂತೆಯೇ ಎಂದು ಮದ್ರಾಸ್ ಹೈಕೋರ್ಟ್ ತೀರ್ಪು ಕೊಟ್ಟಿರುವುದು ಕಾರ್ಮಿಕರಿಗೆ ಗೊತ್ತಿಲ್ಲದಿದ್ದರೂ ಆಡಳಿತದವರಿಗೆ ಚೆನ್ನಾಗಿ ಗೊತ್ತಿತ್ತು. ಪಟ್ಟಿ ಹೋದ ಮೇಲೆ ಸೂಪರ್‌ವೈಸರ್ ಆ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ‘ಶಾಲೆ ಫೀಸಿಗೆ ದುಡ್ಡು ಬೇಕಲ್ಲಮ್ಮ, ಪಿಎಫ್ ಬಿಡಿಸಿಕೊ, ಜುಲೈಗೆ ಬಂದು ಸೇರಿಕೊ, ನಿನ್ನ ಮೆಷಿನ್ ಎಲ್ಲಿಗೂ ಹೋಗಲ್ಲ’ ಎನ್ನುತ್ತಿದ್ದರು. ಮೆಷಿನ್ ಎಲ್ಲಿಗೂ ಹೋಗುತ್ತಿರಲಿಲ್ಲ ಎಂಬುದೂ ನಿಜವೇ. ಜುಲೈನಲ್ಲಿ ಅವರು ಅದೇ ಲೈನಿಗೆ, ಅದೇ ಕೆಲಸಕ್ಕೆ, ಹೊಸ ಟೋಕನ್ ಸಂಖ್ಯೆಯೊಂದಿಗೆ ಹಿಂದಿರುಗುತ್ತಿದ್ದರು. ಕಾಗದದ ಮೇಲೆ ಸೇವೆಯ ಎಣಿಕೆ ಮಾತ್ರ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು.

ಚೆಕ್ಕಿಂಗ್ ವಿಭಾಗದ ಒಬ್ಬ ಮಹಿಳೆಯ ಲೆಕ್ಕವನ್ನು ಮಾತ್ರ ಇಲ್ಲಿ ಕೊಡುತ್ತೇನೆ. ಆಕೆ ಸೇರಿದ್ದು 2011ರ ಜೂನ್‌ನಲ್ಲಿ. 2015, 2019 ಮತ್ತು 2023ರ ಏಪ್ರಿಲ್‌ನಲ್ಲಿ ಹೀಗೆ ಮೂರು ಸಲ ‘ಸ್ವಂತ ಕಾರಣ’ಗಳಿಂದ ರಾಜೀನಾಮೆ ಕೊಟ್ಟರು, ಮೂರು ಸಲವೂ ಜುಲೈನಲ್ಲಿ ಮರಳಿ ಸೇರಿದರು. ನಡುವಿನ ಬಿಡುವುಗಳನ್ನು ಬಿಟ್ಟು ದುಡಿದ ಅವಧಿಯನ್ನಷ್ಟೇ ಕೂಡಿದರೂ 2023ರ ಹೊತ್ತಿಗೆ 11 ವರ್ಷ 4 ತಿಂಗಳಾಗಿತ್ತು. ಆಗ ಆಕೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 11,700 ರೂಪಾಯಿ. ಕಾಯ್ದೆಯ ಸೂತ್ರದಂತೆ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷವೊಂದಕ್ಕೆ 6,750 ರೂಪಾಯಿ, 11 ವರ್ಷಕ್ಕೆ 74,250 ರೂಪಾಯಿ. ಆಕೆಗೆ ಸಿಕ್ಕ ಗ್ರಾಚ್ಯುಟಿ ಸೊನ್ನೆ. ಮೂರೂ ಸಲದ ಸೆಟಲ್‌ಮೆಂಟ್ ಕಾಗದಗಳನ್ನು ಬರೆದವನು ನಾನೇ ಆದ್ದರಿಂದ ಈ ಅಂಕಿಗಳು ನನಗೆ ಬಾಯಿಪಾಠವಾಗಿವೆ.

ಕಾರ್ಖಾನೆಯವರನ್ನು ಕೇಳಿದರೆ, ರಾಜೀನಾಮೆ ಕೊಡುತ್ತೇವೆಂದು ಕಾರ್ಮಿಕರೇ ಬರುತ್ತಾರೆ ಎನ್ನುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ ಎಂಬುದನ್ನು ಒಪ್ಪಲೇಬೇಕು. ಮೇ ತಿಂಗಳು ಬಂತೆಂದರೆ ಶಾಲೆಯ ಶುಲ್ಕ, ಮನೆಯ ಅಡ್ವಾನ್ಸ್, ಚೀಟಿಯ ಬಾಕಿ ಎಲ್ಲ ಒಟ್ಟಿಗೆ ತಲೆಯ ಮೇಲೆ ಬರುತ್ತವೆ, ಮತ್ತು ಅವರ ಪಾಲಿಗೆ ಇರುವ ಒಂದೇ ಇಡುಗಂಟು ಪಿಎಫ್. ಕೆಲಸದಲ್ಲಿದ್ದುಕೊಂಡೇ ಮಕ್ಕಳ ಓದಿಗೆಂದು ಪಿಎಫ್ ಮುಂಗಡ ಪಡೆಯಲು ಏಳು ವರ್ಷದ ಸದಸ್ಯತ್ವ ಇರಬೇಕಿತ್ತು, ಅದೂ ಹತ್ತನೆಯ ತರಗತಿಯ ನಂತರದ ಓದಿಗೆ ಮಾತ್ರ. ಆರನೆಯ ತರಗತಿಯ ಮಗಳ ಶುಲ್ಕಕ್ಕೆ ಆ ದಾರಿ ಮುಚ್ಚಿತ್ತು. ರಾಜೀನಾಮೆ ಕೊಟ್ಟು ಎರಡು ತಿಂಗಳು ಕೆಲಸವಿಲ್ಲದೆ ಇದ್ದರೆ ಪೂರ್ತಿ ಹಣ ಕೈಗೆ ಬರುತ್ತಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ವಂತಿಗೆಯನ್ನು 58 ವರ್ಷದವರೆಗೆ ಮುಟ್ಟದಂತೆ ನಿಯಮ ಬದಲಿಸಿದಾಗ ಏಪ್ರಿಲ್ 18 ಮತ್ತು 19ರಂದು ಈ ಹೆಣ್ಣುಮಕ್ಕಳು ಹೊಸೂರು ರಸ್ತೆ, ಮೈಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದದ್ದು ಇದೇ ಕಾರಣಕ್ಕೆ. ಎರಡನೆಯ ದಿನವೇ ಸರ್ಕಾರ ಅಧಿಸೂಚನೆಯನ್ನು ಹಿಂಪಡೆಯಿತು. ಪಿಎಫ್ ಎಂಬುದು ಅವರ ಪಾಲಿಗೆ ಮುಪ್ಪಿನ ಹಣವಲ್ಲ, ಮುಂದಿನ ಜೂನ್ ತಿಂಗಳ ಹಣ ಎಂಬುದು ಊರಿಗೆಲ್ಲ ತಿಳಿದದ್ದು ಆಗ. ಆದರೆ ಆ ಹಣವನ್ನು ಬಿಡಿಸಿಕೊಳ್ಳಲು ಅವರು ತೆರುವ ಬೆಲೆಯ ಬಗ್ಗೆ ಅಂದೂ ಯಾರೂ ಮಾತಾಡಲಿಲ್ಲ.

ಆ ಬೆಲೆ ಗ್ರಾಚ್ಯುಟಿ ಒಂದೇ ಅಲ್ಲ. ಪಿಎಫ್ ಜೊತೆಗೆ ಪಿಂಚಣಿಯ ಪಾಲನ್ನೂ ಬಿಡಿಸಿಕೊಂಡರೆ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆದರೆ ಆ ಸೇವೆ ಮುಂದಿನ ಸೇವೆಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಟೈಮ್ ಆಫೀಸಿನಲ್ಲಿ ಕುಳಿತ ನಾನೂ ಎಷ್ಟು ಮಂದಿಗೆ ಹೇಳಿದೆ? ಎರಡು ಕೈಯ ಬೆರಳುಗಳಲ್ಲಿ ಎಣಿಸಬಹುದು.

2025ರ ಅಕ್ಟೋಬರ್‌ನಲ್ಲಿ ಪಿಎಫ್ ಸಂಸ್ಥೆಯ ಕೇಂದ್ರೀಯ ಮಂಡಳಿಯು ಭಾಗಶಃ ಹಿಂಪಡೆಯಲು ಬೇಕಾದ ಸೇವಾವಧಿಯನ್ನು 12 ತಿಂಗಳಿಗೆ ಇಳಿಸಲು, ಮಕ್ಕಳ ಶಿಕ್ಷಣಕ್ಕಾಗಿ ಹತ್ತು ಸಲದವರೆಗೆ ಹಣ ತೆಗೆಯಲು ಅವಕಾಶ ಕೊಡಲು ತೀರ್ಮಾನಿಸಿದೆ. ಹೀಗಿರುವಾಗ ಶಾಲೆಯ ಶುಲ್ಕದ ಹೆಸರಿನಲ್ಲಿ ರಾಜೀನಾಮೆ ಬರೆಸಿಕೊಳ್ಳುವುದಕ್ಕೆ ನೆಪವೂ ಉಳಿಯುವುದಿಲ್ಲ. ಆದರೆ ಈ ತೀರ್ಮಾನವನ್ನು ಲೈನಿನಲ್ಲಿ ಕುಳಿತು ಗಂಟೆಯ ಟಾರ್ಗೆಟ್ ಮುಗಿಸುವ ಹೆಂಗಸಿಗೆ ಹೇಳುವವರು ಯಾರು? ಸೂಪರ್‌ವೈಸರ್ ಹೇಳುತ್ತಾರೆಂದು ನಾನು ನಂಬಲಾರೆ.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಇಲಾಖೆಯ ಅಧಿಕಾರಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಇದನ್ನು ಪತ್ತೆಹಚ್ಚಲು ಕಾರ್ಖಾನೆಗಳಿಗೆ ದಾಳಿ ಇಡಬೇಕಿಲ್ಲ. 2014ರಿಂದ ಪಿಎಫ್‌ನ ಪ್ರತಿ ಸದಸ್ಯರಿಗೂ ಯುಎಎನ್ ಎಂಬ ಒಂದೇ ಸಾರ್ವತ್ರಿಕ ಖಾತೆ ಸಂಖ್ಯೆ ಇದೆ. ಟೋಕನ್ ಸಂಖ್ಯೆ ಎಷ್ಟು ಸಲ ಬದಲಾದರೂ ಅದು ಬದಲಾಗುವುದಿಲ್ಲ. ಒಂದೇ ಯುಎಎನ್, ಒಂದೇ ಕಾರ್ಖಾನೆ, ಕೆಲಸ ಬಿಟ್ಟ ದಿನಕ್ಕೂ ಮತ್ತೆ ಸೇರಿದ ದಿನಕ್ಕೂ ಎರಡು ಮೂರು ತಿಂಗಳ ಅಂತರ, ಬಿಟ್ಟವರೆಲ್ಲರ ಸೇವೆಯೂ ಹೆಚ್ಚುಕಡಿಮೆ ನಾಲ್ಕು ವರ್ಷ. ರಿಚ್ಮಂಡ್ ವೃತ್ತದ ಬಳಿಯ ಭವಿಷ್ಯ ನಿಧಿ ಭವನದಿಂದ ಇಷ್ಟು ವಿವರ ತರಿಸಿಕೊಂಡರೆ ಯಾವ ಕಾರ್ಖಾನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಕಂಪ್ಯೂಟರಿನ ಪರದೆಯ ಮೇಲೇ ಕಾಣುತ್ತದೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಗ್ರಾಚ್ಯುಟಿಗೆ ವಿಮೆ ಮಾಡಿಸಲೇಬೇಕೆಂದು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ನಿಯಮ ತಂದಿದೆ. ವಿಮೆಗೆ ಕೊಡುವ ಪಟ್ಟಿಯಲ್ಲಿ ಸೇರಿದ ದಿನಾಂಕವೆಂದು ಏನನ್ನು ಬರೆಯಲಾಗಿದೆ ಎಂಬುದನ್ನು ನೌಕರರಿಗೂ ತೋರಿಸಬೇಕೆಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಅಚ್ಚು ಹಾಕಿಸಿದ ರಾಜೀನಾಮೆಗೆ ಬೆಲೆ ಕೊಡದೆ, ಮೂರು ತಿಂಗಳೊಳಗೆ ಅದೇ ಕಾರ್ಖಾನೆಗೆ ಮರಳಿದವರ ಸೇವೆಯನ್ನು ಅಖಂಡವೆಂದೇ ಎಣಿಸುವ ಮಾತನ್ನು ರಾಜ್ಯದ ನಿಯಮಗಳಲ್ಲಿ ಸೇರಿಸಲು ಸಾಧ್ಯವೇ ಎಂಬುದನ್ನು ಕಾನೂನು ಇಲಾಖೆಯೊಂದಿಗೆ ಸಮಾಲೋಚಿಸಲಿ. ಗ್ರಾಚ್ಯುಟಿಯನ್ನು ಕಸಿಯುವ ಯಾವ ಒಪ್ಪಂದವೂ ಕಾಯ್ದೆಯ ಮುಂದೆ ನಿಲ್ಲದು ಎಂಬ ತತ್ವ 1972ರ ಕಾಯ್ದೆಯ 14ನೆಯ ಸೆಕ್ಷನ್ನಿನಲ್ಲೇ ಇತ್ತು.

ನಾನು ಮೇಲೆ ಹೇಳಿದ ಮಹಿಳೆ ಈಗ ನಾಲ್ಕನೆಯ ಟೋಕನ್ ಸಂಖ್ಯೆಯಡಿ ಅದೇ ಚೆಕ್ಕಿಂಗ್ ಮೇಜಿನ ಮುಂದೆ ನಿಂತು ಕೆಲಸ ಮಾಡುತ್ತಿದ್ದಾರೆ. ಈ ಸಲ ಆಕೆ ಸೇರಿದ್ದು 2023ರ ಜುಲೈನಲ್ಲಿ. ಹಾಗಾಗಿ ಆಕೆಯ ಹೆಸರು ಪಟ್ಟಿಗೆ ಬರುವುದು 2027ರ ಫೆಬ್ರುವರಿಯಲ್ಲಿ.

ಇಂತು,
ನಿವೃತ್ತ ಟೈಮ್ ಆಫೀಸ್ ಗುಮಾಸ್ತ,
ಲಗ್ಗೆರೆ, ಬೆಂಗಳೂರು