ತಲೆ ಎಣಿಸಿ ಆಕಾಶ ಅಳೆಯಬೇಡಿ, ಸಚಿವರೇ

ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ ನಮಸ್ಕಾರ.

ನಾನು ನಿವೃತ್ತ ಏರ್ ಟ್ರಾಫಿಕ್ ಕಂಟ್ರೋಲರ್. ಒಂದು ಸೆಕ್ಟರ್‌ಗೆ, ಅಂದರೆ ಕಂಟ್ರೋಲರ್‌ಗಳಿಗೆ ಹಂಚಿಕೊಟ್ಟ ಆಕಾಶದ ಒಂದು ತುಂಡಿಗೆ, ಎಷ್ಟು ಜನ ಬೇಕು ಎಂಬ ಮಾತು ಬಂದಾಗಲೆಲ್ಲ ಮೀಟಿಂಗ್‌ನಲ್ಲಿ ಮೊದಲು ಕೇಳುತ್ತಿದ್ದದ್ದು ಇದನ್ನೇ: ಗಂಟೆಗೆ ಎಷ್ಟು ವಿಮಾನ? ಪ್ರಶ್ನೆ ತಪ್ಪಲ್ಲ. ಆದರೆ ಅದೊಂದೇ ಸಾಲದು.

ಮೇ ತಿಂಗಳ ಒಂದು ಸಂಜೆ. ಪರದೆಯ ಮೇಲೆ ಬರೀ 8 ವಿಮಾನ. ಮೂರು ದೇವನಹಳ್ಳಿಯಿಂದ ಏರುತ್ತಿವೆ, ನಾಲ್ಕು ಇಳಿಯುತ್ತಿವೆ, ಒಂದು ಅಡ್ಡ ಹಾಯುತ್ತಿದೆ. ಎದುರಿಗೆ ಗುಡುಗು ಮೋಡ. ಪೈಲಟ್‌ಗಳೆಲ್ಲ ಒಂದೇ ಪಕ್ಕಕ್ಕೆ ತಿರುಗಿಸಿ ಅನ್ನುತ್ತಾರೆ. ಆ ಪಕ್ಕದಲ್ಲಿ ಯಲಹಂಕ ವಾಯುನೆಲೆಯ ಆಕಾಶ. ಒಂದು ಕಿವಿಯಲ್ಲಿ ಪೈಲಟ್, ಇನ್ನೊಂದರಲ್ಲಿ ವಾಯುನೆಲೆಯವರ ಫೋನ್. ಅಂಗಿ ಬೆನ್ನಿಗೆ ಅಂಟಿತ್ತು, ಎಸಿ ಇದ್ದರೂ. ಬೇರೆ ದಿನ ಬೆಳಗಿನ ಜಾವ 20 ವಿಮಾನ ಒಂದೇ ದಾರಿಯಲ್ಲಿ, ತಂತಮ್ಮ ಎತ್ತರದಲ್ಲಿ, ಸುಮ್ನೆ ಸಾಲಾಗಿ ಹೋಗಿದ್ದೂ ಇದೆ. ರಿಜಿಸ್ಟರ್‌ನಲ್ಲಿ ಯಾವ ದಿನ ಕೆಲಸ ಜಾಸ್ತಿ ಅಂತ ಕಾಣುತ್ತೆ? ಎರಡನೆಯದು, ಅಲ್ವಾ?

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಡಿಕ್ಕಿಯಾದದ್ದು ಎರಡೇ ವಿಮಾನ, ಸತ್ತವರು 349 ಜನ. ಹೇಳಿದ ಎತ್ತರಕ್ಕಿಂತ ಕೆಳಗಿಳಿದದ್ದು ಒಂದು ವಿಮಾನದ ಪೈಲಟ್‌ಗಳ ತಪ್ಪು, ನಿಜ. ಆದರೆ ದೆಹಲಿಯಿಂದ ಏರುವವರಿಗೂ ಅಲ್ಲಿಗೆ ಇಳಿಯುವವರಿಗೂ ಆಗ ಇದ್ದದ್ದು ಒಂದೇ ದಾರಿ. ಎಣಿಕೆಯಲ್ಲಿ ಅದು ಎಲ್ಲಿ ಸಿಗುತ್ತದೆ?

ಈ ಭಾರವನ್ನು ಅಳೆಯುವ ದಾರಿ ಇಲ್ಲದೆ ಇಲ್ಲ. ಯೂರೋಪಿನಲ್ಲಿ ವಿಮಾನ ಸಂಚಾರದ ಸಂಸ್ಥೆಯಾದ ಯೂರೋಕಂಟ್ರೋಲ್ ಆಕಾಶವನ್ನು 20 ನಾಟಿಕಲ್ ಮೈಲಿ ಅಗಲ, 3,000 ಅಡಿ ಎತ್ತರದ ಚೌಕಗಳಾಗಿ ಮಾಡಿಕೊಂಡು, ಪ್ರತಿ ಚೌಕದಲ್ಲಿ ಏರಿಳಿತ, ದಿಕ್ಕು, ವೇಗ ಎಷ್ಟು ಬೆರೆಯುತ್ತವೆ ಎಂದು ಲೆಕ್ಕ ಹಾಕುತ್ತದೆ. ನಾಸಾದವರು 1990ರ ದಶಕದಲ್ಲೇ ವಿಮಾನಗಳ ಎಣಿಕೆಯ ಜೊತೆ ಅವುಗಳ ತಿರುವು, ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯುವ ‘ಡೈನಮಿಕ್ ಡೆನ್ಸಿಟಿ’ ಎಂಬ ಅಳತೆ ತಯಾರಿಸಿದ್ದರು. ಆ ಸೂತ್ರಗಳನ್ನು ಹಾಗೇ ತಂದು ಅಂಟಿಸಬೇಡಿ. ನಮ್ಮ ಮುಂಗಾರು, ಪಕ್ಕದ ವಾಯುನೆಲೆ, ಫೋನ್ ಕರೆ ಇವನ್ನೂ ಸೇರಿಸಿ.

ಇನ್ನೊಂದು ಮಾತು. ಕೆಲಸ ಜಾಸ್ತಿಯಾಯಿತು ಎಂದು ಸೆಕ್ಟರ್ ಒಡೆದರೆ ಯಾವಾಗಲೂ ಹಗುರಾಗುವುದಿಲ್ಲ. ತುಂಡು ಚಿಕ್ಕದಾದಷ್ಟೂ ಪಕ್ಕದವರಿಗೆ ವಿಮಾನ ಒಪ್ಪಿಸುವ ಕೆಲಸ ಹೆಚ್ಚುತ್ತದೆ.

ನಾನು ಕೇಳುವುದು ಇಷ್ಟೇ. ಬರುವ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಸೆಕ್ಟರ್‌ನಲ್ಲಿ ಎರಡು ತಿಂಗಳು ಪ್ರಯೋಗ ಮಾಡಿ. ಕೆಲವು ನಿಮಿಷಕ್ಕೊಮ್ಮೆ ಕಂಟ್ರೋಲರ್ ತನಗೆಷ್ಟು ಭಾರವಾಗಿದೆ ಎಂದು 1ರಿಂದ 5ರವರೆಗಿನ ಒಂದು ಗುಂಡಿ ಒತ್ತಲಿ. ಆ ಅಂಕಿಯನ್ನು ರಾಡಾರ್ ದಾಖಲೆಯ ಪಕ್ಕ ಇಟ್ಟು ನೋಡಿ. 5 ಒತ್ತಿದವರಿಗೆ ಮೆಮೊ ಮಾತ್ರ ಕೊಡಬೇಡಿ, ಕೊಟ್ಟರೆ ಮರುದಿನದಿಂದ ಎಲ್ಲರೂ 3 ಒತ್ತುತ್ತಾರೆ.

ಇಂತಿ,
ಒಬ್ಬ ನಿವೃತ್ತ ಕಂಟ್ರೋಲರ್