ನರಳುತ್ತಿರುವ ಕೋಳಿಗಳ ಬಗ್ಗೆ ಗುಂಪಿನವರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಏಳಲಾಗದೆ ಬಿದ್ದಿರುವ ಕೋಳಿಗಳ ಫೋಟೊ ಹಾಕಿ "ಏನು ಮಾಡಲಿ" ಅಂತ ಹಲವರು ಕೇಳುತ್ತಿದ್ದೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೋಳಿ ನೋವು ತೋರಿಸಿಕೊಳ್ಳುವ ಜೀವವಲ್ಲ. ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಕಾಯಿಲೆ ಬಲಿತಿರುತ್ತದೆ. ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ಬಿದ್ದಿದ್ದರೆ ಮಾರೆಕ್ಸ್ ಕಾಯಿಲೆ ಇರಬಹುದು. ಅದು ವೈರಸ್‌ನಿಂದ ಬರುವುದು, ಮದ್ದಿಲ್ಲ. ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಹಾಕಿಸಬೇಕು. ಆದರೆ ಕಾಲು ಸೋತ ಕೋಳಿಗೆಲ್ಲ ಇದೇ ಅಂತ ನಾವೇ ತೀರ್ಮಾನಿಸಬಾರದು, ಅಲ್ವಾ? ವಿಟಮಿನ್ ಕೊರತೆಯಿಂದಲೋ ಪೆಟ್ಟಿನಿಂದಲೋ ಬಿದ್ದದ್ದು ಚೇತರಿಸಿಕೊಳ್ಳಬಹುದು. ಮೊದಲು ಪಶುವೈದ್ಯರಿಗೆ ತೋರಿಸಿ.

ತಾನಾಗಿ ತಿನ್ನುತ್ತಿಲ್ಲ, ನೀರು ಮುಟ್ಟುತ್ತಿಲ್ಲ, ಉಸಿರಿಗೂ ಕಷ್ಟಪಡುತ್ತಿದೆ, ವೈದ್ಯರೂ ಉಳಿಯುವುದಿಲ್ಲ ಅಂದರು. ಆಗ ಬಾಯಿಗೆ ಹಿಟ್ಟು ತುರುಕಿ ದಿನ ದೂಡಬೇಡಿ. ಅದು ನಮ್ಮ ಸಮಾಧಾನಕ್ಕೆ, ಕೋಳಿಗಲ್ಲ. ನರಳದೆ ಸಾಯಲೆಂದು ವೈದ್ಯರು ಮೊದಲು ಪ್ರಜ್ಞೆ ತಪ್ಪಿಸಿ, ಆಮೇಲೆ ಕೊನೆಯ ಇಂಜೆಕ್ಷನ್ ಕೊಡುತ್ತಾರೆ. ವೈದ್ಯರು ಸಿಗದ ಊರಲ್ಲಿ ಕುತ್ತಿಗೆಯ ಮೂಳೆ ಥಟ್ಟನೆ ಬಿಡಿಸುವ ವಿಧಾನವಿದೆ. ಕೈಪಳಗಿದವರು ಮಾತ್ರ ಮಾಡಬೇಕು, ವಿಡಿಯೊ ನೋಡಿ ಪ್ರಯತ್ನಿಸಬೇಡಿ. ನೀರಲ್ಲಿ ಮುಳುಗಿಸುವುದು, ಫ್ರಿಜ್ಜಿನಲ್ಲಿಡುವುದು, ವಿಷ ಹಾಕುವುದು ಕ್ರೌರ್ಯ. ಗುಂಪಿನಲ್ಲಿ ಅಂಥ ಸಲಹೆ ಕೊಡಬೇಡಿ.

ಇಂಜೆಕ್ಷನ್ ಕೊಟ್ಟ ಕೋಳಿಯನ್ನು ತಿನ್ನಬಾರದು, ನಾಯಿಗೂ ಹಾಕಬಾರದು. ಔಷಧ ಮಾಂಸದಲ್ಲೇ ಉಳಿದಿರುತ್ತದೆ. ಬಾವಿಯಿಂದ ದೂರ, ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಹಲವು ಕೋಳಿಗಳು ಒಟ್ಟಿಗೆ ಸಾಯುತ್ತಿದ್ದರೆ ಮಾತ್ರ ಹೂಳುವ ಮೊದಲೇ ತಾಲ್ಲೂಕು ಪಶು ಆಸ್ಪತ್ರೆಗೆ ತಿಳಿಸಿ. ಬೇಗ ಹರಡುವ ಕೊಕ್ಕರೆ ರೋಗವೋ (ರಾಣಿಖೇತ್) ಹಕ್ಕಿ ಜ್ವರವೋ ಇರಬಹುದು.